ಸ್ವಾಧೀನ ಯಾರದು?

ಸಿರುಗುಪ್ಪ ತಾಲೂಕಿನ ರಾರಾವಿ ಕಡೆ ಒಂದು ಹೊಲದ ಬಗ್ಗೆ ವಿಚಾರಿಸುವವರು ಎರಡು ಮಾತು ಕೇಳುತ್ತಾರೆ: "ಹೊಲ ಯಾರ ಹೆಸರ್ನಾಗ ಐತಿ? ಯಾರು ಮಾಡ್ತಾರ?" ತುಂಗಭದ್ರಾ ಕಾಲುವೆಯ ನೀರುಂಡ ಭತ್ತದ ಗದ್ದೆಗಳನ್ನು ಗುತ್ತಿಗೆಗೆ ಮಾಡುವವರು ಇಲ್ಲಿ ಬಹಳ. ಹಾಗಾಗಿ ಎರಡು ಪ್ರಶ್ನೆಗೂ ಒಂದೇ ಹೆಸರು ಉತ್ತರವಾಗಿ ಬರುತ್ತದೆಂಬ ಖಾತ್ರಿಯಿಲ್ಲ.

ಅದೇ ಹೊಲದ ಪಹಣಿ ತೆಗೆಸಿ ನೋಡಿ. 12ನೇ ಕಾಲಂನಲ್ಲಿ ಸಾಗುವಳಿದಾರ; ಅದು ಸರಿ. 9ನೇ ಕಾಲಂನಲ್ಲಿ ಇರುವುದು ಮಾಲೀಕನ ಹೆಸರು, ಆದರೆ ತಲೆಬರಹ 'ಸ್ವಾಧೀನದಾರ'. ಕನ್ನಡ ಬಲ್ಲವರು ಅದನ್ನು ಓದಿದರೆ ಹೊಲ ಸದ್ಯ ಯಾರ ಕೈಯಲ್ಲಿದೆಯೋ ಅವನು ಎಂದೇ ತಿಳಿಯುತ್ತಾರೆ. ಸರ್ಕಾರ ಭೂಮಿ ವಶಪಡಿಸಿಕೊಂಡರೆ ಅದು 'ಭೂಸ್ವಾಧೀನ'. ಬೇರೊಬ್ಬರ ಜಮೀನಿನಲ್ಲಿ ವರ್ಷಗಟ್ಟಲೆ ಬೀಡುಬಿಟ್ಟು ಹಕ್ಕು ಕೇಳಿದರೆ ಅದು 'ಪ್ರತಿಕೂಲ ಸ್ವಾಧೀನ'. ಇಂಗ್ಲಿಷಿನಲ್ಲಿ ಆಕ್ಯುಪೆಂಟ್, ಅಕ್ವಿಸಿಷನ್, ಪೊಸೆಷನ್ ಎಂಬ ಮೂರು ಬೇರೆ ಬೇರೆ ಮಾತುಗಳಿದ್ದಲ್ಲಿ ಕನ್ನಡದಲ್ಲಿ ಒಂದೇ ಪದ ಕೂತಿದೆ. ಇದರ ತಿರುಗುಮುರುಗೂ ನಡೆದಿದೆ: 1964ರ ಭೂಕಂದಾಯ ಕಾಯ್ದೆಯ ಆಕ್ಯುಪೆಂಟ್ ಪಹಣಿಯಲ್ಲಿ ಸ್ವಾಧೀನದಾರನಾದ, ಭೂಸುಧಾರಣೆಯ ಕಾಲಕ್ಕೆ ಗೇಣಿದಾರರಿಗೆ ಸಿಕ್ಕಿದ ಆಕ್ಯುಪೆನ್ಸಿ ಹಕ್ಕು 'ಅಧಿಭೋಗ'ವಾಯಿತು.

ಅನುವಾದಕರು ಕೆಲಸ ಅರಿಯದವರೇನಲ್ಲ. ಒಂದೊಂದು ಪದವನ್ನೂ ಬೇರೆಯಾಗಿ ಇಟ್ಟು ನೋಡಿದರೆ ಅವರ ಆಯ್ಕೆ ತಪ್ಪೆನ್ನಲಾಗದು. ನೆಂಟಸ್ತಿಕೆಯುಳ್ಳ ಪದಗಳನ್ನು ಒಟ್ಟಿಗೆ ಮುಂದಿಟ್ಟುಕೊಳ್ಳದೆ ಬಿಡಿಬಿಡಿಯಾಗಿ ಅನುವಾದಿಸಿದ್ದೇ ತೊಡಕು ಎಂಬುದು ನನ್ನ ವಾದ. ಒಂದು ಪದಕ್ಕೆ ಅರ್ಥ ಬರುವುದು ಅದರ ಪಕ್ಕದ ಪದದಿಂದ ಅದು ಹೇಗೆ ಬೇರೆ ಎನ್ನುವುದರಲ್ಲಿ. ಕನ್ನಡಕ್ಕೆ ತರಬೇಕಾದದ್ದು ಮೊದಲು ಆ ವ್ಯತ್ಯಾಸವನ್ನು. ನಿಘಂಟು ಈ ಕೆಲಸಕ್ಕೆ ಸಾಲದು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್‌ನ ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು; ಆ ದುಡಿಮೆಗೆ ಈ ಜಿಲ್ಲೆ ಋಣಿ. ಆದರೆ ಯಾವ ನಿಘಂಟಾದರೂ ಅಕ್ಷರಮಾಲೆಯ ಸಾಲಿನಲ್ಲಿ ಸಾಗುತ್ತದೆ. 'ಎ'ಯಲ್ಲಿ ಅಕ್ವಿಸಿಷನ್, 'ಓ'ದಲ್ಲಿ ಆಕ್ಯುಪೆಂಟ್, 'ಪಿ'ಯಲ್ಲಿ ಪೊಸೆಷನ್. ಅವು ಒಂದೇ ಪುಟದಲ್ಲಿ ಎದುರಾಗುವುದೇ ಇಲ್ಲ.

ಆ ವ್ಯತ್ಯಾಸ ಉಳಿಸಿಕೊಂಡ ಕಾಗದ ನೋಡಲು ದೂರ ಹೋಗಬೇಕಿಲ್ಲ: ವೇದಾವತಿ ನದಿ ದಾಟಿ ಆದವಾನಿ ರಸ್ತೆ ಹಿಡಿದರೆ ಸ್ವಲ್ಪ ದೂರದಲ್ಲೇ ಆಂಧ್ರ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿದಾಗ ಆದವಾನಿ, ಆಲೂರು, ರಾಯದುರ್ಗ ಆ ಕಡೆಗೆ ಉಳಿದವು. ಅಲ್ಲಿನ ಕನ್ನಡ ರೈತರ ಜಮೀನಿನ ಕಾಗದ ತೆಲುಗಿನ ಅಡಂಗಲ್. ಅದರಲ್ಲಿ ಹೊಲ ಯಾರ ಹೆಸರಿನಲ್ಲಿದೆಯೋ ಅವನು 'ಪಟ್ಟಾದಾರು', ಅನುಭವಿಸುತ್ತಿರುವವನು 'ಅನುಭವದಾರು'. ಕಾಗದ ಬೇರೆ ಭಾಷೆಯದಾದರೂ ಈ ವಿಷಯದಲ್ಲಿ ಅದು ನಮ್ಮ ಪಹಣಿಗಿಂತ ನೇರ. ಪಟ್ಟಾ, ಅನುಭವ ಎರಡೂ ಕನ್ನಡಿಗರಿಗೂ ಗೊತ್ತಿರುವ ಮಾತುಗಳೇ.

ಹೊರಗಿನ ಒಂದು ಉದಾಹರಣೆ ಇಲ್ಲಿ ಉಪಯುಕ್ತ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ನಂತರ ಅಲ್ಲಿನ ಕೋರ್ಟುಗಳಲ್ಲಿ ಫ್ರೆಂಚ್ ಬಹುಕಾಲ ನಡೆಯಿತು; ಪ್ರಾಪರ್ಟಿ, ಪೊಸೆಷನ್ ಮುಂತಾದವು ಆ ದಾರಿಯಿಂದಲೇ ಇಂಗ್ಲಿಷಿಗೆ ಬಂದವು. ಹೀಗಿರುವಾಗ ಇಂಗ್ಲಿಷ್ ಕಾನೂನನ್ನು ಫ್ರೆಂಚಿಗೆ ತರುವುದು ಸಲೀಸು ಅನ್ನಿಸಬಹುದು. ಹಾಗಿಲ್ಲ. ಇಂಗ್ಲಿಷಿನ ಪ್ರಾಪರ್ಟಿ ಎಂದರೆ ವಸ್ತುವೂ ಹೌದು, ಅದರ ಮೇಲಿನ ಒಡೆತನವೂ ಹೌದು. ಕಾನೂನಿನ ಫ್ರೆಂಚಿನಲ್ಲಿ ವಸ್ತುವಿಗೆ 'ಬಿಯೆಂ', ಒಡೆತನಕ್ಕೆ 'ಪ್ರೊಪ್ರಿಯೆತೆ'. ನಮ್ಮಲ್ಲಿ ಆಸ್ತಿ, ಒಡೆತನ ಎಂದು ಎರಡಿರುವ ಹಾಗೆಯೇ. ಇಂಥ ತೊಡಕುಗಳನ್ನು ಬಲ್ಲ ಕೆನಡಾ 1978ರಿಂದ ಕೇಂದ್ರದ ಕಾಯ್ದೆಗಳನ್ನು ಬರೆದಾದ ಮೇಲೆ ಅನುವಾದಿಸುವ ಪದ್ಧತಿ ಬಿಟ್ಟು, ಇಬ್ಬರು ಕರಡುಗಾರರನ್ನು ಕೂರಿಸಿ ಎರಡೂ ಭಾಷೆಯಲ್ಲಿ ಒಟ್ಟಿಗೇ ಬರೆಸತೊಡಗಿತು. ಅಲ್ಲಿ ಎರಡೂ ಪಠ್ಯಕ್ಕೆ ಸಮಾನ ಬೆಲೆ. ನಮ್ಮ ಸಂವಿಧಾನದ 348ನೇ ವಿಧಿಯ ಪ್ರಕಾರ ವಿಧಾನಮಂಡಲ ಕನ್ನಡದಲ್ಲೇ ಕಾಯ್ದೆ ಮಾಡಿದರೂ ರಾಜ್ಯಪಾಲರ ಅಧಿಕಾರದಲ್ಲಿ ಪ್ರಕಟವಾಗುವ ಇಂಗ್ಲಿಷ್ ಅನುವಾದವೇ ಅಧಿಕೃತ ಪಠ್ಯ. ಕನ್ನಡ ಎಷ್ಟೇ ಸಡಿಲವಾಗಿರಲಿ, ಅದರಿಂದ ಕೋರ್ಟಿಗೆ ತೊಂದರೆಯಿಲ್ಲ. ತೊಂದರೆ ಕನ್ನಡವನ್ನಷ್ಟೇ ಓದಬಲ್ಲವರಿಗೆ.

ಸ್ವಾಧೀನದಾರ ಎಂದರೆ ಮಾಲೀಕ ಎಂದು ಎಲ್ಲರಿಗೂ ರೂಢಿಯಿಂದ ಗೊತ್ತು ಎನ್ನುವವರಿದ್ದಾರೆ. ಗೊತ್ತಿರುವುದು ಗ್ರಾಮಲೆಕ್ಕಿಗರಿಗೆ, ಪತ್ರಬರಹಗಾರರಿಗೆ, ವಕೀಲರಿಗೆ. ಗಂಡ ತೀರಿಕೊಂಡ ಮೇಲೆ ಮೊದಲ ಸಲ ಪಹಣಿ ಕೈಗೆತ್ತಿಕೊಳ್ಳುವ ಹೆಣ್ಣುಮಗಳಿಗೆ ಆ ರೂಢಿಯನ್ನು ಹೇಳಿಕೊಟ್ಟವರು ಯಾರು? ಪಹಣಿಯ ನಮೂದು ತಪ್ಪೆಂದು ರುಜುವಾತಾಗುವ ತನಕ ಅದನ್ನೇ ನಿಜವೆಂದು ನಂಬಬೇಕೆನ್ನುತ್ತದೆ ಕಾಯ್ದೆ. ಇಷ್ಟು ತೂಕದ ಕಾಗದದ ತಲೆಬರಹವನ್ನು ಓದಲು ಮಧ್ಯವರ್ತಿ ಬೇಕಾಗಬಾರದು.

'ಭೂಮಿ' ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಏರಿದಾಗ ಹಳೆಯ ತಲೆಬರಹಗಳೂ ಹಾಗೆಯೇ ಏರಿದವು. ಈಗಲಾದರೂ ಕಂದಾಯ ಇಲಾಖೆ ಆಕ್ಯುಪೆಂಟ್, ಓನರ್, ಪೊಸೆಷನ್, ಅಕ್ವಿಸಿಷನ್, ಟೆನೆಂಟ್ ಇವಿಷ್ಟನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡು, ಒಂದಕ್ಕೆ ಕೊಟ್ಟ ಕನ್ನಡವನ್ನು ಇನ್ನೊಂದಕ್ಕೆ ಕೊಡದೆ, ಹೊಸದಾಗಿ ಹೆಸರಿಡಬೇಕು. 9ನೇ ಕಾಲಂಗೆ 'ಮಾಲೀಕ' ಸಾಕು. 'ಸ್ವಾಧೀನ' ನಿಜವಾಗಿ ಕೈವಶದಲ್ಲಿರುವುದಕ್ಕೆ ಉಳಿಯಲಿ. ಈ ಹಾಳೆ ಸಿದ್ಧವಾಗುವಾಗ ಸಿರುಗುಪ್ಪ ತಾಲೂಕಿನ ನಾಲ್ಕಾರು ರೈತರೂ, ಗುತ್ತಿಗೆಗೆ ಮಾಡುವವರೂ ಆ ಮೇಜಿನ ಸುತ್ತ ಕೂತಿರಬೇಕು.