ಉಳಿದಿದ್ದ ಹನಿ

ಹೋದ ತಿಂಗಳು ನಾನು ಮಾಡಿದ ಒಂದು ತಪ್ಪನ್ನು ಈ ವಾರ ಬರೆಯುತ್ತಿದ್ದೇನೆ. ಮಕ್ಕಳು ಓದಿ ನಗಲಿ. ದೊಡ್ಡವರು ಓದಿ ತಮ್ಮ ಮನೆಯ ಫ್ರಿಜ್ ಬಾಗಿಲು ತೆರೆದು ನೋಡಲಿ.

ಮೊಮ್ಮಗನಿಗೆ ಬೆಳಿಗ್ಗೆ ಕಣ್ಣು ಬಿಡಲು ಆಗಲಿಲ್ಲ. ಗೀಜು ಕಟ್ಟಿ ರೆಪ್ಪೆ ಅಂಟಿಕೊಂಡಿತ್ತು. ಒರೆಸಿ ನೋಡಿದರೆ ಕಣ್ಣು ಕೆಂಡ. ಅವನ ತರಗತಿಯಲ್ಲಿ ಆಗಲೇ ನಾಲ್ಕೈದು ಮಕ್ಕಳಿಗೆ ಬಂದಿತ್ತಂತೆ. ‘ಮದ್ರಾಸ್ ಐ’ ಎಂದು ಹೇಳಲು ನನ್ನ ಬಿ.ಕಾಂ. ಸಾಕು ಎಂದುಕೊಂಡೆ. ನನ್ನ ಪೊರೆ ಆಪರೇಷನ್ ಆದಾಗ ತಂದ ಹನಿ ಔಷಧಿ ಅರ್ಧ ಬಾಟಲಿ ಉಳಿದಿತ್ತು. ದುಡ್ಡು ಕೊಟ್ಟು ತಂದದ್ದು, ಚೆಲ್ಲುವುದೇಕೆ? ಎರಡು ಹನಿ ಬಿಟ್ಟೆ. ಸಂಜೆಗೆ ಕೆಂಪು ಇಳಿದ ಹಾಗೆ ಕಂಡಿತು. ಹುಮ್ಮಸ್ಸಿನಿಂದ ಮತ್ತೆ ಬಿಟ್ಟೆ.

ಮರುದಿನ ಸೊಸೆ ಬಾಟಲಿ ನೋಡಿದಳು. “ಮಾವ, ಇದು ನಿಮ್ಮದಲ್ಲವಾ?” ಎಂದವಳೇ ಹುಡುಗನನ್ನೂ ಬಾಟಲಿಯನ್ನೂ ನನ್ನನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊರಡಿಸಿದಳು.

ಡಾಕ್ಟರಮ್ಮ ಮೊದಲು ಹುಡುಗನನ್ನೇ ಕೇಳಿದರು. “ಉರಿಯಾ, ನೋವಾ? ಬೆಳಕು ನೋಡಿದರೆ ಚುಚ್ಚುತ್ತಾ? ಮಂಜಾಗಿದೆಯಾ? ಏನಾದರೂ ತಗುಲಿತ್ತಾ?” ಟಾರ್ಚ್ ಹಿಡಿದು ನೋಡಿದರು. ಆಮೇಲೆ ಒಂದೊಂದೇ ಕಣ್ಣು ಮುಚ್ಚಿಸಿ ಗೋಡೆಯ ಪಟ್ಟಿಯ ಅಕ್ಷರಗಳನ್ನು ಓದಿಸಿದರು. ಎರಡೂ ಕಣ್ಣಿನಲ್ಲಿ ಕೆಳಗಿನ ಸಾಲಿನವರೆಗೆ ಓದಿದ. ನನಗೆ ಉಸಿರು ಬಂತು.

ಆಮೇಲೆ ಬಾಟಲಿ ನೋಡಿದರು. ಅವರು ದನಿ ಏರಿಸಲಿಲ್ಲ, ಅದೇ ಹೆಚ್ಚು ನಾಟಿತು. ಅದು ಸ್ಟೀರಾಯ್ಡ್ ಹನಿ. ಕೆಂಪನ್ನು ಬೇಗ ಅಡಗಿಸುತ್ತದೆ, ರೋಗಾಣುವನ್ನು ಕೊಲ್ಲುವುದಿಲ್ಲ. ಹರ್ಪಿಸ್ ಎಂಬ ವೈರಸ್ಸಿನಿಂದಲೂ ಕಣ್ಣು ಹೀಗೇ ಕೆಂಪಾಗುವುದುಂಟು. ಅಂಥ ಕಣ್ಣಿಗೆ ಇದನ್ನು ಬಿಟ್ಟರೆ ಕರಿಗುಡ್ಡೆಯ ಮೇಲಿನ ಹುಣ್ಣು ಹರಡಿ, ಕಲೆ ಉಳಿದು, ದೃಷ್ಟಿಯೇ ಹೋಗಬಹುದು. ವಾರಗಟ್ಟಲೆ ಬಿಟ್ಟರೆ ಕೆಲವರಿಗೆ ಕಣ್ಣಿನ ಒತ್ತಡ ಏರಿ ನರಕ್ಕೆ ಪೆಟ್ಟಾಗುತ್ತದೆ. ಹಾಗೆ ಹೋದ ದೃಷ್ಟಿ ಮರಳುವುದಿಲ್ಲ. ಸಾಲದ್ದಕ್ಕೆ, ಇಂಥ ಬಾಟಲಿಯನ್ನು ತೆರೆದ ಒಂದು ತಿಂಗಳಿಗೆ ಎಸೆಯಬೇಕಂತೆ. ಚೆಕ್‌ಗೆ ಮೂರು ತಿಂಗಳ ಆಯುಸ್ಸು ಎಂದು ಕೌಂಟರಿನಲ್ಲಿ ಎಷ್ಟು ಜನರನ್ನು ವಾಪಸು ಕಳಿಸಿದ್ದೆನೋ! ನನ್ನ ಬಾಟಲಿಗೆ ಎಂಟು ತಿಂಗಳಾಗಿತ್ತು.

“ಎರಡೇ ಸಲ ಆದದ್ದರಿಂದ ಹೆದರಬೇಡಿ. ನೋವು ಬಂದರೆ, ಮಂಜಾದರೆ, ಬೆಳಕು ಸಹಿಸಲಾಗದಿದ್ದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ” ಎಂದರು.

ಹುಡುಗನದು ಸಾಧಾರಣ ವೈರಸ್ ಕಣ್ಣುಬೇನೆ. ಒಂದೆರಡು ವಾರದಲ್ಲಿ ತಾನೇ ಹೋಗುತ್ತದೆ. ಕಾಯಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಒರೆಸುವುದು, ತಣ್ಣನೆಯ ಬಟ್ಟೆ ಇಡುವುದು, ಅಷ್ಟೇ. ಪಕ್ಕದ ಮನೆಯಾಕೆ ಹೇಳಿದ ಎದೆಹಾಲು, ಹರಳೆಣ್ಣೆ ಯಾವುದೂ ಬೇಡ. ಟವೆಲ್, ದಿಂಬು ಬೇರೆ. ಮಕ್ಕಳೇ, ನೋಡಿದರೆ ಅಂಟುವ ರೋಗ ಇದಲ್ಲ. ಕಣ್ಣು ಮುಟ್ಟಿದ ಕೈಯಿಂದ, ಒರೆಸಿದ ಬಟ್ಟೆಯಿಂದ ಅಂಟುತ್ತದೆ. ಕಪ್ಪು ಕನ್ನಡಕ ಹಾಕಿಕೊಂಡು ಗೆಳೆಯನ ಕೈ ಹಿಡಿದರೆ ಏನು ಬಂತು?

ಒಂಬತ್ತನೆಯ ದಿನ ಅವನ ಕಣ್ಣು ತಿಳಿಯಾಯಿತು. ಹತ್ತನೆಯ ದಿನ ನನ್ನದು ಕೆಂಪಾಯಿತು. “ತಾತ, ಕೈ ತೊಳೆದುಕೊಂಡಿದ್ದೆಯಾ?” ಎಂದು ಕೇಳಿ, ನನ್ನ ಟವೆಲನ್ನು ಎರಡೇ ಬೆರಳಿನಲ್ಲಿ ಹಿಡಿದು ಬೇರೆ ಮೊಳೆಗೆ ನೇತುಹಾಕಿದ.