ಆಸೆಯನ್ನು ಜಮಾ ಕಡೆ ಬರೆಯಬಾರದು

ಟಿ.ವಿ.ಯಲ್ಲಿ ಫುಟ್‌ಬಾಲ್ ನೋಡುವ ಮಕ್ಕಳಿಗೆ ಗೋಲು ಹೊಡೆದವರ ಹೆಸರು ಗೊತ್ತು. ಗೋಲ್‌ಕೀಪರ್ ಹೆಸರು ಗೊತ್ತು. ಗೆರೆಯ ಆಚೆ ನಿಂತು ಕೈ ಬೀಸಿ ಕೂಗಾಡುವ ಕೋಚ್ ಹೆಸರೂ ಗೊತ್ತು. ಪ್ರೇಕ್ಷಕರ ನಡುವೆ ಕೋಟು ಹಾಕಿಕೊಂಡು ಕುಳಿತ ಒಬ್ಬರನ್ನೂ ಕ್ಯಾಮೆರಾ ಆಗಾಗ ತೋರಿಸುತ್ತದೆ. ಅವರೇ ಕ್ಲಬ್ಬಿನ ಸಿಇಒ, ಅಂದರೆ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ. "ತಾತ, ಅವರು ಆಡೋದೂ ಇಲ್ಲ, ಆಡಿಸೋದೂ ಇಲ್ಲ. ಮತ್ತೆ ಅವರಿಗೇನು ಕೆಲಸ?" ಎಂದು ನಮ್ಮ ಬೀದಿಯ ಹುಡುಗನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಈ ವಾರ ಅದೇ ನಮ್ಮ ಪಾಠ.

ಯಾರನ್ನು ಆಡಿಸಬೇಕು ಎಂದು ನೋಡುವವರು ಕೋಚ್. ಆ ಆಟಗಾರರಿಗೆ ಸಂಬಳ ಎಲ್ಲಿಂದ ಬರಬೇಕು ಎಂದು ನೋಡುವವರು ಸಿಇಒ. ಟಿಕೆಟಿನ ದರ, ಟಿ.ವಿ.ಯವರು ಕೊಡುವ ಹಣ, ಅಂಗಿಯ ಮೇಲಿನ ಜಾಹೀರಾತು, ಮೈದಾನದ ಹುಲ್ಲು, ದೀಪದ ಬಿಲ್ಲು, ಸರ್ಕಾರದ ತೆರಿಗೆ, ಬ್ಯಾಂಕಿನ ಕಂತು, ಎಲ್ಲವೂ ಅವರ ಮೇಜಿಗೆ ಬರುತ್ತವೆ. ಜರ್ಮನಿಯಂಥ ದೇಶದಲ್ಲಿ ಇನ್ನೂ ಒಂದು ಕೆಲಸ ಉಂಟು. ಮುಂದಿನ ವರ್ಷ ಪೂರ್ತಿ ಖರ್ಚು ತೂಗಿಸಬಲ್ಲೆವು ಎಂದು ಪ್ರತಿ ಕ್ಲಬ್ಬೂ ಲೆಕ್ಕ ಒಪ್ಪಿಸಿ ಲೀಗಿನಿಂದ ಪರವಾನಗಿ ಪಡೆಯಬೇಕು. ಪರವಾನಗಿ ಸಿಗದಿದ್ದರೆ, ಎಷ್ಟು ಗೋಲು ಹೊಡೆದಿದ್ದರೂ ಆ ಲೀಗಿನಲ್ಲಿ ಆಡುವಂತಿಲ್ಲ.

ಕ್ಲಬ್ಬು ಚೆನ್ನಾಗಿ ನಡೆಯುವಾಗ ಈ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಮುಳುಗುವಾಗಲೇ ಅದರ ಬೆಲೆ ತಿಳಿಯುವುದು. ಅದಕ್ಕೆ ಒಂದು ನಿಜವಾದ ಕಥೆ ಹೇಳುತ್ತೇನೆ.

ಪಶ್ಚಿಮ ಜರ್ಮನಿಯ ರೂರ್ ಪ್ರದೇಶದಲ್ಲಿ ಡಾರ್ಟ್‌ಮಂಡ್ ಎಂಬ ಊರಿದೆ. ಒಂದು ಕಾಲಕ್ಕೆ ಕಲ್ಲಿದ್ದಲು ಗಣಿ, ಉಕ್ಕಿನ ಕುಲುಮೆಗಳ ಊರು. ಗಣಿಗಳು ಮುಚ್ಚಿದವು, ಕುಲುಮೆಗಳು ಆರಿದವು. ಉಳಿದ ದೊಡ್ಡ ಹೆಮ್ಮೆ ಎಂದರೆ 1909ರಲ್ಲಿ ಊರಿನ ಯುವಕರು ಸೇರಿ ಕಟ್ಟಿದ ಬೊರುಸ್ಸಿಯಾ ಡಾರ್ಟ್‌ಮಂಡ್ ಫುಟ್‌ಬಾಲ್ ಕ್ಲಬ್ಬು. ಅದರ ಅಂಗಿ ಹಳದಿ ಮತ್ತು ಕಪ್ಪು. ಅದರ ಕ್ರೀಡಾಂಗಣ ಜರ್ಮನಿಯಲ್ಲೇ ಅತಿ ದೊಡ್ಡದು, 80 ಸಾವಿರಕ್ಕೂ ಹೆಚ್ಚು ಜನ ಹಿಡಿಸುತ್ತದೆ. ದಕ್ಷಿಣದ ಒಂದೇ ಬದಿಯಲ್ಲಿ ಸುಮಾರು 25 ಸಾವಿರ ಜನ ನಿಂತುಕೊಂಡೇ ಪಂದ್ಯ ನೋಡುತ್ತಾರೆ. ಎಲ್ಲರೂ ಹಳದಿ ತೊಟ್ಟು ಬರುವುದರಿಂದ ಅದಕ್ಕೆ 'ಹಳದಿ ಗೋಡೆ' ಎಂದೇ ಹೆಸರು.

1997ರಲ್ಲಿ ಈ ಕ್ಲಬ್ಬು ಇಟಲಿಯ ಯುವೆಂಟಸ್ ತಂಡವನ್ನು 3-1ರಿಂದ ಸೋಲಿಸಿ ಚಾಂಪಿಯನ್ಸ್ ಲೀಗ್ ಗೆದ್ದಿತು. ಯುರೋಪಿನ ಕ್ಲಬ್ಬುಗಳಿಗೆ ಅದಕ್ಕಿಂತ ದೊಡ್ಡ ಕಪ್ಪು ಇಲ್ಲ. ಕಪ್ಪು ಕೈಗೆ ಬಂದ ಮೇಲೆ ಆಸೆ ಬೆಳೆಯಿತು. 2000ದ ಅಕ್ಟೋಬರಿನಲ್ಲಿ ಕ್ಲಬ್ಬು ಷೇರು ಪೇಟೆಗೆ ಇಳಿಯಿತು. ಜರ್ಮನಿಯಲ್ಲಿ ಹಾಗೆ ಮಾಡಿದ ಮೊದಲ ಫುಟ್‌ಬಾಲ್ ಕ್ಲಬ್ಬು ಅದೇ. ಒಂದು ಷೇರಿನ ಬೆಲೆ 11 ಯೂರೋ. ಬಂದ ಹಣದಲ್ಲಿ ದುಬಾರಿ ಆಟಗಾರರು ಬಂದರು. 2001ರಲ್ಲಿ ಮಾರ್ಸಿಯೊ ಅಮೊರೊಸೊ ಎಂಬ ಬ್ರೆಜಿಲ್ ಆಟಗಾರನಿಗೆ ಸುಮಾರು ಎರಡೂವರೆ ಕೋಟಿ ಯೂರೋ ಕೊಟ್ಟರು. 2002ರಲ್ಲಿ ಜರ್ಮನ್ ಲೀಗನ್ನೂ ಗೆದ್ದರು. ಹೊರಗಿನಿಂದ ನೋಡಿದವರಿಗೆ ಎಲ್ಲ ಭರ್ಜರಿ.

ಒಳಗೆ ಮಾತ್ರ ಲೆಕ್ಕ ಬೇರೆಯೇ ಇತ್ತು. ಆಟಗಾರರ ಸಂಬಳ ಪ್ರತಿ ತಿಂಗಳೂ ತಪ್ಪದೆ ಬರುವ ಖರ್ಚು. ಅದನ್ನು ತೂಗಿಸುವ ಆದಾಯವೋ, ಪ್ರತಿ ವರ್ಷ ಚಾಂಪಿಯನ್ಸ್ ಲೀಗ್ ಆಡಿದರೆ ಮಾತ್ರ ಬರುವಂಥದ್ದು. ಅಂದರೆ ಖರ್ಚು ಖಾತ್ರಿ, ಆದಾಯ ಆಸೆ. ಇಂಥ ಲೆಕ್ಕಕ್ಕೆ ನಾನು 'ಆಸೆಯನ್ನು ಜಮಾ ಕಡೆ ಬರೆಯುವುದು' ಎನ್ನುತ್ತೇನೆ. 2003ರ ಆಗಸ್ಟಿನಲ್ಲಿ ಬೆಲ್ಜಿಯಮ್ಮಿನ ಕ್ಲಬ್ ಬ್ರೂಗ್ ತಂಡ ಪೆನಾಲ್ಟಿ ಒದೆತಗಳಲ್ಲಿ ಡಾರ್ಟ್‌ಮಂಡನ್ನು ಸೋಲಿಸಿತು. ಮುಖ್ಯ ಸುತ್ತಿನ ಬಾಗಿಲಲ್ಲೇ ತಂಡ ಹೊರಬಿತ್ತು. ನಾಲ್ಕಾರು ಒದೆತಗಳಲ್ಲಿ ಒಂದು ವರ್ಷದ ಆದಾಯದ ದೊಡ್ಡ ಪಾಲು ಹೋಯಿತು. ಸಂಬಳ ಮಾತ್ರ ಹಾಗೇ ಉಳಿಯಿತು.

ಆಮೇಲಿನದು ಕಷ್ಟದ ದಿನಗಳು. ಕ್ರೀಡಾಂಗಣವನ್ನು ಮೊದಲೇ ಒಂದು ಹೂಡಿಕೆ ನಿಧಿಗೆ ಮಾರಿ, ತಮ್ಮದೇ ಅಂಗಳಕ್ಕೆ ಬಾಡಿಗೆ ಕಟ್ಟುವ ಸ್ಥಿತಿ ತಂದುಕೊಂಡಿದ್ದರು. ಆಟಗಾರರು ಸಂಬಳದಲ್ಲಿ ಶೇಕಡ 20 ಬಿಟ್ಟುಕೊಟ್ಟರು. ಒಂದು ಹಂತದಲ್ಲಿ ಸಂಬಳ ಕೊಡಲು ಬದ್ಧ ಎದುರಾಳಿಯಾದ ಬಯರ್ನ್ ಮ್ಯೂನಿಕ್ ಕ್ಲಬ್ಬೇ 20 ಲಕ್ಷ ಯೂರೋ ಸಾಲ ಕೊಟ್ಟಿತು. ಅದೂ ಯಾವ ಆಧಾರವನ್ನೂ ಬರೆಸಿಕೊಳ್ಳದೆ! ನಲವತ್ತು ಗ್ರಾಂ ಚಿನ್ನ ಇಟ್ಟುಕೊಂಡು ಸಾಲ ಕೊಡುವ ಕೌಂಟರಿನಲ್ಲಿ ಕುಳಿತು ಬಂದ ನನ್ನಂಥವನಿಗೆ ಇದು ಇವತ್ತಿಗೂ ಸೋಜಿಗ. ಆಟದಲ್ಲಿ ಎದುರಾಳಿ ಇಲ್ಲದಿದ್ದರೆ ಆಟವೇ ಇಲ್ಲ ಎಂಬ ತಿಳಿವಳಿಕೆ ಅದರ ಹಿಂದೆ ಇದ್ದಿರಬೇಕು.

2005ರ ಫೆಬ್ರವರಿಯಲ್ಲಿ ಕ್ಲಬ್ಬು ತಾನು ಉಳಿಯುವುದೇ ಅಪಾಯದಲ್ಲಿದೆ ಎಂದು ಬಹಿರಂಗವಾಗಿ ಒಪ್ಪಿಕೊಂಡಿತು. ಆಗ ಕುರ್ಚಿಗೆ ಬಂದವರು ಹಾನ್ಸ್-ಯೋಆಖಿಮ್ ವಾಟ್ಸ್ಕೆ. ಅವರು ಹೆಸರಾಂತ ಆಟಗಾರರಲ್ಲ. ವಾಣಿಜ್ಯ ಓದಿ, ಅಗ್ನಿಶಾಮಕ ದಳದವರ ಮತ್ತು ಕೆಲಸಗಾರರ ಉಡುಪು ತಯಾರಿಸುವ ಕಂಪನಿ ಕಟ್ಟಿದವರು. ಕ್ಲಬ್ಬಿನ ಖಜಾಂಚಿಯಾಗಿದ್ದವರು. ಬೆಂಕಿ ಆರಿಸುವವರಿಗೆ ಬಟ್ಟೆ ಹೊಲಿಸುತ್ತಿದ್ದವರೇ ಬೆಂಕಿ ಆರಿಸಲು ಬಂದ ಹಾಗಾಯಿತು.

ಮೊದಲ ಪರೀಕ್ಷೆ ಬಂದದ್ದು ತಿಂಗಳೊಳಗೆ, 2005ರ ಮಾರ್ಚ್ 14ರಂದು. ಕ್ರೀಡಾಂಗಣದ ಒಡೆತನ ಇದ್ದ ನಿಧಿಯ ಹೆಸರು ಮೋಲ್ಸಿರಿಸ್. ಅದರಲ್ಲಿ ದುಡ್ಡು ಹಾಕಿದವರು ಐದು ಸಾವಿರಕ್ಕೂ ಹೆಚ್ಚು ಜನ. ಅವರ ಸಭೆ ಡುಸೆಲ್‌ಡಾರ್ಫ್ ವಿಮಾನ ನಿಲ್ದಾಣದ ಸಭಾಂಗಣದಲ್ಲಿ ಸೇರಿತು. ಬಾಡಿಗೆಗೆ ಕಾಲಾವಕಾಶ ಕೊಡಿ, ಸಾಲ ತೀರಿಸುವ ಹೊಸ ಯೋಜನೆಗೆ ಒಪ್ಪಿಗೆ ಕೊಡಿ ಎಂದು ಕೇಳುವುದು ವಾಟ್ಸ್ಕೆಯವರ ಪಾಲಿಗೆ ಬಂತು. ಅವರು ಒಲ್ಲೆ ಎಂದಿದ್ದರೆ ದಿವಾಳಿ ಅರ್ಜಿ, ಪರವಾನಗಿ ರದ್ದು, ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು.

ಮಕ್ಕಳೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಹಣ ಕೊಡಬೇಕಾದವನು ಹಣ ಬರಬೇಕಾದವರ ಮುಂದೆ ನಿಂತು ಏನು ಹೇಳಬೇಕು? ಎಲ್ಲ ಸರಿ ಇದೆ ಎಂದರೆ ಯಾರೂ ನಂಬುವುದಿಲ್ಲ. ಎಲ್ಲ ಮುಗಿಯಿತು ಎಂದರೆ ಯಾರೂ ಉಳಿಸುವುದಿಲ್ಲ. ಇದ್ದದ್ದನ್ನು ಇದ್ದಷ್ಟೇ ಹೇಳಿ, ಇಷ್ಟು ಬಾಕಿ, ಇಂಥ ದಿನ ಇಷ್ಟು ಕೊಡಬಲ್ಲೆ ಎಂದು ಕಾಗದದ ಮೇಲೆ ತೋರಿಸಬೇಕು. ಮೂವತ್ತು ವರ್ಷಕ್ಕೂ ಹೆಚ್ಚು ಬ್ಯಾಂಕಿನಲ್ಲಿ ನಾನು ಕಂಡದ್ದು ಇದೇ. ಕಂತು ಕಟ್ಟಲಾಗದವರಲ್ಲಿ ಎರಡು ಬಗೆ. ಒಬ್ಬರು ಗಡುವಿಗೆ ಮೊದಲೇ ಬಂದು, "ಸಾರ್, ಮಳೆ ಕೈಕೊಟ್ಟಿತು, ಮೂರು ತಿಂಗಳು ಟೈಮ್ ಕೊಡಿ" ಎನ್ನುತ್ತಾರೆ. ಇನ್ನೊಬ್ಬರು ಬ್ಯಾಂಕಿರುವ ಬೀದಿಯನ್ನೇ ಬಿಟ್ಟು ಸುತ್ತಿ ಹೋಗುತ್ತಾರೆ. ಮೊದಲನೆಯವರಿಗೆ ದಾರಿ ಹುಡುಕಲು ಮ್ಯಾನೇಜರ್ ಕೂಡ ಜೊತೆಗೆ ಕೂರುತ್ತಾರೆ. ಎರಡನೆಯವರ ಮನೆಗೆ ನೋಟೀಸು ಹೋಗುತ್ತದೆ.

ಮೋಲ್ಸಿರಿಸ್ ಹೂಡಿಕೆದಾರರೂ ಲೆಕ್ಕ ಹಾಕಿದರು. ಫುಟ್‌ಬಾಲ್ ಕ್ರೀಡಾಂಗಣಕ್ಕೆ ಬಾಡಿಗೆದಾರ ಒಬ್ಬನೇ. ಅವನನ್ನು ಓಡಿಸಿದರೆ 80 ಸಾವಿರ ಜನ ಹಿಡಿಸುವ ಕಟ್ಟಡದಲ್ಲಿ ಇನ್ನು ಯಾರನ್ನು ಕೂರಿಸುವುದು? ಬಹುದೊಡ್ಡ ಬಹುಮತದಿಂದ ಅವರು ಒಪ್ಪಿಗೆ ಕೊಟ್ಟರು. ಕ್ಲಬ್ಬು ಉಳಿಯಿತು.

ಉಳಿದದ್ದು ಒಂದು ದಿನದ ಮಾತು. ಬದುಕಿಸಿಕೊಂಡು ಹೋಗುವುದು ಹಲವು ವರ್ಷದ ಕೆಲಸ. ಕ್ರೀಡಾಂಗಣದ ಹೆಸರನ್ನು ಊರಿನದೇ ಆದ ವಿಮಾ ಕಂಪನಿಗೆ ಕೊಟ್ಟು ಹಣ ತಂದರು. ವೆಸ್ಟ್‌ಫಾಲನ್ ಕ್ರೀಡಾಂಗಣವಾಗಿದ್ದದ್ದು 2005ರ ಡಿಸೆಂಬರಿನಿಂದ ಸಿಗ್ನಲ್ ಇಡೂನ ಪಾರ್ಕ್ ಆಯಿತು. ಹಳಬರು ಹಳೆಯ ಹೆಸರನ್ನೇ ಹೇಳುತ್ತಾರೆ, ಅದು ಬೇರೆ ಮಾತು. 2006ರಲ್ಲಿ ಮೋರ್ಗನ್ ಸ್ಟ್ಯಾನ್ಲಿ ಬ್ಯಾಂಕಿನಿಂದ ಸುಮಾರು 8 ಕೋಟಿ ಯೂರೋಗಳ ದೀರ್ಘಾವಧಿ ಸಾಲ ಪಡೆದು ಕ್ರೀಡಾಂಗಣವನ್ನು ಮರಳಿ ಕೊಂಡರು. ಸಾಲ ತೀರಿಸಲು ಸಾಲವೇ ಎಂದು ನೀವು ಕೇಳಬಹುದು. ಹತ್ತು ಕಡೆಯವರು ಹತ್ತು ದಿನ ಬಾಗಿಲು ತಟ್ಟುವುದಕ್ಕಿಂತ ಒಬ್ಬರಿಗೆ, ಗೊತ್ತಾದ ದಿನ, ಗೊತ್ತಾದ ಕಂತು ಕಟ್ಟುವುದು ಮೇಲು. ಆದರೆ ಹಳೆಯ ಚಾಳಿ ಬಿಟ್ಟಿದ್ದರೆ ಮಾತ್ರ. ಬಿಡದಿದ್ದರೆ ಅದು ಬೆಂಕಿಗೆ ಇನ್ನೊಂದು ಸೌದೆ.

ಚಾಳಿ ಬಿಡಿಸುವುದೇ ಸಿಇಒ ಮಾಡುವ ಅತಿ ಕಷ್ಟದ ಕೆಲಸ. ಆಟದ ಗೆಲುವಿಗಾಗಿ ಇನ್ನು ಸಾಲ ಮಾಡುವುದಿಲ್ಲ ಎಂದು ವಾಟ್ಸ್ಕೆ ನಿಯಮ ಹಾಕಿಕೊಂಡರು. ತಂಡ ಸೋತಾಗ, ಜನ ಬೈಯುವಾಗ, "ಒಬ್ಬ ದೊಡ್ಡ ಆಟಗಾರನನ್ನು ತನ್ನಿ" ಎಂದು ಎಲ್ಲರೂ ಒತ್ತಾಯಿಸುವಾಗ "ಆಗುವುದಿಲ್ಲ" ಎನ್ನಬೇಕು. 2008ರಲ್ಲಿ ಡಾರ್ಟ್‌ಮಂಡ್ ಲೀಗಿನಲ್ಲಿ 13ನೇ ಸ್ಥಾನಕ್ಕೆ ಇಳಿದಿತ್ತು. ಷೇರಿನ ಬೆಲೆಯೂ ಇಳಿದು ಇಳಿದು ಮುಂದಿನ ವರ್ಷ ಒಂದು ಯೂರೋಗಿಂತ ಕೆಳಗೆ ಹೋಯಿತು. ಆಗಲೂ ಹಾಸಿಗೆ ಇದ್ದಷ್ಟೇ ಕಾಲು ಚಾಚಿದರು.

ದುಡ್ಡು ಇಲ್ಲದವರಿಗೆ ಎರಡು ಬಂಡವಾಳ ಉಂಟು, ಕಣ್ಣು ಮತ್ತು ತಾಳ್ಮೆ. ಆಟಗಾರರನ್ನು ಹುಡುಕುವ ಹೊಣೆ ಊರಿನವರೇ ಆದ ಮಿಖಾಯೆಲ್ ಝೋರ್ಕ್ ಅವರದು. ತಾವೂ ಅದೇ ಕ್ಲಬ್ಬಿಗೆ ಆಡಿದವರು. 2008ರಲ್ಲಿ ಮೈನ್ಜ್ ಎಂಬ ಚಿಕ್ಕ ಕ್ಲಬ್ಬಿನಿಂದ ಯೂರ್ಗೆನ್ ಕ್ಲಾಪ್ ಕೋಚ್ ಆಗಿ ಬಂದರು. ಕ್ಲಬ್ಬಿನ ಮಕ್ಕಳ ತಂಡದಲ್ಲೇ ಬೆಳೆದ ನೂರಿ ಶಾಹಿನ್, ಮಾರಿಯೊ ಗೋಟ್ಜೆ ಅವರಿಗೆ ಅವಕಾಶ ಸಿಕ್ಕಿತು. ಶಾಹಿನ್ ಮೊದಲ ಪಂದ್ಯ ಆಡಿದ್ದು 2005ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ. 2010ರಲ್ಲಿ ಜಪಾನಿನಿಂದ ಶಿಂಜಿ ಕಗಾವ ಎಂಬ ಹುಡುಗನನ್ನು ಕರೆತಂದರು. ಕೊಟ್ಟದ್ದು ಬರೇ ಮೂರೂವರೆ ಲಕ್ಷ ಯೂರೋ. ಆ ಹುಡುಗರ ಪಡೆ 2011ರಲ್ಲಿ ಜರ್ಮನ್ ಲೀಗ್ ಗೆದ್ದಿತು, 2012ರಲ್ಲಿ ಮತ್ತೆ ಗೆದ್ದಿತು. 2013ರಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ತಲುಪಿತು. ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಆ ಪಂದ್ಯದಲ್ಲಿ ಅವರನ್ನು 2-1ರಿಂದ ಸೋಲಿಸಿದವರು ಯಾರು ಗೊತ್ತೇ? ಹಿಂದೆ ಸಂಬಳಕ್ಕೆ ಸಾಲ ಕೊಟ್ಟ ಅದೇ ಬಯರ್ನ್ ಮ್ಯೂನಿಕ್!

ಈ ನಿಯಮಕ್ಕೆ ಬೆಲೆಯೂ ಇತ್ತು. ಮನೆಯಲ್ಲೇ ಬೆಳೆದ ಗೋಟ್ಜೆ 2013ರಲ್ಲಿ ಅದೇ ಬಯರ್ನ್ ಸೇರಿದ. ಮರುವರ್ಷ ಗೋಲುಗಾರ ಲೆವಾಂಡೊವ್ಸ್ಕಿಯೂ ಅಲ್ಲಿಗೇ ಹೋದ. ಹೆಚ್ಚು ಸಂಬಳ ಕೊಟ್ಟು ಹೇಗಾದರೂ ಉಳಿಸಿಕೊಳ್ಳಿ ಎಂದು ಅತ್ತವರು ಬಹಳ. ಕೈಗೆಟುಕದ ಸಂಬಳ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಆ ಊರು ಒಮ್ಮೆ ನೋಡಿತ್ತು.

ಎಲ್ಲ ಕೀರ್ತಿಯನ್ನೂ ಒಬ್ಬರ ತಲೆಗೆ ಕಟ್ಟುವುದು ಸರಿಯಲ್ಲ. ಆಟಗಾರರು ಸಂಬಳ ಬಿಟ್ಟರು, ಹೂಡಿಕೆದಾರರು ಕಾದರು, ಎದುರಾಳಿ ಕೈಹಿಡಿದ. ಎಲ್ಲಕ್ಕಿಂತ ಮಿಗಿಲಾಗಿ, ಕ್ಲಬ್ಬು ಮುಳುಗುತ್ತಿದ್ದ ವರ್ಷದಲ್ಲೂ ಪ್ರತಿ ಪಂದ್ಯಕ್ಕೆ ಸರಾಸರಿ 70 ಸಾವಿರಕ್ಕೂ ಹೆಚ್ಚು ಜನ ಬಂದರು. ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಬರೆಯಲಾಗದ ಆಸ್ತಿ ಅದು. ಅದನ್ನು ಕಾಯುವುದಕ್ಕೇ ಸಿಇಒ ಇರುವುದು.

ಕಾಯದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಇಂಗ್ಲೆಂಡಿನಲ್ಲಿ ಮ್ಯಾಂಚೆಸ್ಟರ್ ಪಕ್ಕದಲ್ಲಿ ಬರಿ ಎಂಬ ಊರು. ಅಲ್ಲಿನ ಕ್ಲಬ್ಬು ಹುಟ್ಟಿದ್ದು 1885ರಲ್ಲಿ. 1900 ಮತ್ತು 1903ರಲ್ಲಿ ಎಫ್.ಎ. ಕಪ್ ಗೆದ್ದಿತ್ತು. 2019ರಲ್ಲಿ ಅದರ ತಂಡ ಚೆನ್ನಾಗಿ ಆಡಿ ಮೇಲಿನ ದರ್ಜೆಗೆ ಏರಿತು. ಏರಿದ ಆಟಗಾರರಿಗೆ ಸಂಬಳ ಬಾಕಿ! ಸಾಲ ತೀರಿಸುವ ಹಣ ಎಲ್ಲಿದೆ ಎಂದು ತೋರಿಸಲು ಆಗದೆ, ಅದೇ ವರ್ಷ ಆಗಸ್ಟ್ 27ರಂದು ಲೀಗಿನಿಂದ ಹೊರಹಾಕಿಸಿಕೊಂಡಿತು. ಆಟದಲ್ಲಿ ಗೆದ್ದು ಲೆಕ್ಕದಲ್ಲಿ ಸೋತಿತು. ಅಜ್ಜ, ಅಪ್ಪ, ಮಗ ಮೂರು ತಲೆಮಾರು ಶನಿವಾರ ಶನಿವಾರ ಹೋಗುತ್ತಿದ್ದ ಗೇಟಿಗೆ ಬೀಗ ಬಿತ್ತು. 2023ರಲ್ಲಿ ಆ ಹೆಸರು ಮತ್ತೆ ಮೈದಾನಕ್ಕೆ ಬಂತು, ಆದರೆ ಬಹಳ ಕೆಳಗಿನ ದರ್ಜೆಯಿಂದ.

ಇನ್ನು ಮುಂದೆ ಕ್ಯಾಮೆರಾ ಆ ಕೋಟಿನವರನ್ನು ತೋರಿಸಿದಾಗ ಒಂದು ಕ್ಷಣ ನೋಡಿ. ತಂಡ ಗೋಲು ಹೊಡೆದಾಗ ಅವರೂ ಎದ್ದು ಕುಣಿಯಬಹುದು, ತಪ್ಪಿಲ್ಲ. ಆದರೆ ಆ ಗೋಲಿನ ದುಡ್ಡನ್ನು ಬರುವ ಮೊದಲೇ ಖರ್ಚು ಮಾಡಿಲ್ಲ ತಾನೆ ಎಂಬುದೇ ಅವರ ಆಟದ ಅಂಕ.

ಈ ವಾರದ ಲೆಕ್ಕ

1. ಅಮೊರೊಸೊಗೆ ಕೊಟ್ಟ ಎರಡೂವರೆ ಕೋಟಿ ಯೂರೋದಲ್ಲಿ ಕಗಾವನಂಥ ಎಷ್ಟು ಹುಡುಗರನ್ನು ಕರೆತರಬಹುದಿತ್ತು? ಕೊನೆಗೆ ಎಷ್ಟು ಹಣ ಉಳಿಯುತ್ತಿತ್ತು?

2. ಇದು ಮನೆಮಂದಿಗೆಲ್ಲ. ಬರುವ ತಿಂಗಳ ಆದಾಯವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಖಾತ್ರಿಯಾಗಿ ಬರುವುದನ್ನು ಪೆನ್ನಿನಲ್ಲಿ, ಬರಬಹುದು ಎನ್ನುವುದನ್ನು ಪೆನ್ಸಿಲ್ಲಿನಲ್ಲಿ. ಖರ್ಚನ್ನು ಪೆನ್ನಿನ ಮೊತ್ತದೊಳಗೆ ತೂಗಿಸಲು ಆಗುತ್ತದೆಯೇ ನೋಡಿ.

ಮೊದಲ ಲೆಕ್ಕದ ಉತ್ತರ ಮುಂದಿನ ವಾರ. ಎರಡನೆಯದರ ಉತ್ತರ ನನಗೆ ಕಳಿಸಬೇಡಿ, ನಿಮ್ಮ ಮನೆಯಲ್ಲೇ ಇರಲಿ.