ಅಕ್ಷರರೂಪದ ವಸ್ತುಸಂಗ್ರಹಾಲಯ: ರೂಪವೊಂದೇ ಸಾಕೆ?

ಚೀನಾದ ಹೆನಾನ್ ಪ್ರಾಂತ್ಯದ ಆನ್‌ಯಾಂಗ್ ನಗರದಲ್ಲಿ 2009ರಲ್ಲಿ ತೆರೆದ ಚೀನೀ ಲಿಪಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ ವಿನ್ಯಾಸಕ್ಕೆ ಒಂದು ಅಕ್ಷರವೇ ಮೂಲ. ಶಾಂಗ್ ಅರಸರ ಕಾಲದ ಅಸ್ಥಿಲಿಪಿಯಲ್ಲಿ ಕೋಟೆಗೋಡೆಯನ್ನು ಸೂಚಿಸುತ್ತಿದ್ದ ಅಕ್ಷರವದು. ಚಿತ್ರದಿಂದ ಬೆಳೆದ ಲಿಪಿಗೆ ಈ ಆಯ್ಕೆ ಉಚಿತವಾದುದೇ. ಅಂದು ಕಟ್ಟಡವನ್ನು ನೋಡಿ ಅಕ್ಷರ ಬರೆದರು. ಇಂದು ಅಕ್ಷರವನ್ನು ನೋಡಿ ಕಟ್ಟಡ ಕಟ್ಟಿದ್ದಾರೆ. ಶಾಂಗ್ ರಾಜಧಾನಿಯ ಅವಶೇಷಗಳಿರುವ ಯಿನ್‌ಶು ಅದೇ ನಗರದಲ್ಲಿರುವುದರಿಂದ ಸ್ಥಳವೂ ಅರ್ಥಪೂರ್ಣ.

ಆದರೆ ಆ ಲಿಪಿಯ ಚರಿತ್ರೆ ಇನ್ನೊಂದು ಪಾಠವನ್ನೂ ಹೇಳುತ್ತದೆ. 1899ರಲ್ಲಿ ವಿದ್ವಾಂಸ ವಾಂಗ್ ಯಿರಾಂಗ್ ಅದನ್ನು ಪ್ರಾಚೀನ ಬರಹವೆಂದು ಗುರುತಿಸುವ ಮೊದಲು, ಅಕ್ಷರ ಕೊರೆದ ಮೂಳೆಗಳು 'ಡ್ರ್ಯಾಗನ್ ಮೂಳೆ'ಗಳೆಂಬ ಹೆಸರಿನಲ್ಲಿ ಔಷಧದಂಗಡಿ ಸೇರಿ ಪುಡಿಯಾಗುತ್ತಿದ್ದವು. ಅವುಗಳ ಆಕಾರ ಎಲ್ಲರ ಕಣ್ಣಿಗೂ ಬಿದ್ದಿತ್ತು, ಓದುವವರಿರಲಿಲ್ಲ. ಓದುಗರಿಲ್ಲದ ಲಿಪಿಗೆ ರಕ್ಷಣೆಯೂ ಇಲ್ಲ. ಆದ್ದರಿಂದ ಲಿಪಿಯ ಹೆಸರಿನ ವಸ್ತುಸಂಗ್ರಹಾಲಯದ ಮೊದಲ ಕರ್ತವ್ಯ ಅಕ್ಷರವನ್ನು ಮೆರೆಸುವುದಲ್ಲ, ಓದುಗರನ್ನು ಸಿದ್ಧಪಡಿಸುವುದು.

ದಕ್ಷಿಣ ಕೊರಿಯಾದ ಇಂಚಿಯೋನ್‌ನಲ್ಲಿ 2023ರಲ್ಲಿ ಆರಂಭವಾದ ವಿಶ್ವಲಿಪಿಗಳ ರಾಷ್ಟ್ರೀಯ ವಸ್ತುಸಂಗ್ರಹಾಲಯ ಬೇರೆ ದಾರಿ ಹಿಡಿಯಿತು. ಅದು ಯಾವ ಅಕ್ಷರವನ್ನೂ ಕಟ್ಟಡವಾಗಿಸಲಿಲ್ಲ. ಅದರ ಬಿಳಿಯ ಬಾಗುಗೋಡೆಗಳು ಬಿಚ್ಚಿದ ಕಾಗದದ ಸುರುಳಿಯನ್ನು ನೆನಪಿಸುತ್ತವೆ. ಹಲವು ಲಿಪಿಗಳನ್ನು ಕೂಡಿಸುವ ಕಡೆ ಒಂದಕ್ಕೆ ಪಟ್ಟ ಕಟ್ಟದಿರುವುದು ವಿವೇಕ.

ಭಾರತದಲ್ಲಿ ಇಂತಹ ಸಂಸ್ಥೆಯನ್ನು ಕಲ್ಪಿಸುವವರಿಗೆ ಈ ವಿವೇಕ ಹೆಚ್ಚು ಅಗತ್ಯ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿಯನ್ನೇ ನೋಡಬಹುದು. ಚಾವುಂಡರಾಯನು ಮೂರ್ತಿಯನ್ನು ಮಾಡಿಸಿದ ಸಂಗತಿ ಅಲ್ಲಿ ಕನ್ನಡ, ತಮಿಳು, ಮರಾಠಿ ಭಾಷೆಗಳಲ್ಲಿ, ಬೇರೆ ಬೇರೆ ಲಿಪಿಗಳಲ್ಲಿ ಕೆತ್ತಲ್ಪಟ್ಟಿದೆ. ದೂರದಿಂದ ಬಂದ ಯಾತ್ರಿಕನೂ ತನ್ನ ಅಕ್ಷರದಲ್ಲಿ ಓದಿಕೊಳ್ಳಲೆಂಬ ಆ ಔದಾರ್ಯವೇ ನಮ್ಮ ಲಿಪಿಪರಂಪರೆಯ ತಿರುಳು. ಒಂದು ಅಕ್ಷರದ ಆಕಾರದ ಗೋಪುರವು ಅದನ್ನು ಹೇಳಲಾರದು.

ಹಾಗಾದರೆ ವಿನ್ಯಾಸ ಹೇಗಿರಬೇಕು? ಬ್ರಾಹ್ಮಿಯಿಂದ ಇಂದಿನ ಕನ್ನಡದವರೆಗೆ ಒಂದೊಂದು ಅಕ್ಷರ ಬದಲಾದ ಬಗೆಯನ್ನು ನೋಡುಗನು ನಡೆಯುತ್ತಲೇ ಗ್ರಹಿಸುವಂತೆ ಮೊಗಸಾಲೆಗಳಿರಲಿ. ಶಾಸನದ ಪಡಿಯಚ್ಚಿನ ಪಕ್ಕದಲ್ಲಿ ಹೊಸಗನ್ನಡ ಲಿಪಿಯ ಪಾಠ, ಅರ್ಥ, ಕೈಯಾರೆ ಅಚ್ಚು ತೆಗೆದು ಕಲಿಯುವ ಮೇಜು ಇರಲಿ. ಓರೆಯಾಗಿ ಬೀಳುವ ಬೆಳಕಿನಲ್ಲಿ ಕೊರೆದ ಗೆರೆಗಳು ಸ್ಪಷ್ಟವಾಗುತ್ತವೆಂಬುದನ್ನು ವಾಸ್ತುಶಿಲ್ಪಿ ಅರಿತಿರಲಿ. ಚಂದ್ರಗಿರಿಯ ಬಂಡೆಬರಹಗಳಂಥವು ಇದ್ದಲ್ಲೇ ಇರಲಿ. ಸಲ್ಲೇಖನವ್ರತ ಕೈಗೊಂಡವರ ನೆನಪಿಗೆ ಆ ಬೆಟ್ಟವೂ ಪಾಠದ ಒಂದು ಭಾಗ.

ಹೊರಗೋಡೆಯನ್ನು ಕಂಡು ಬೆರಗಾದವನು ಹೊರಬರುವಾಗ ತನ್ನೂರಿನ ವೀರಗಲ್ಲಿನ ಒಂದು ಸಾಲನ್ನಾದರೂ ಬಿಡಿಸಿ ಓದಬಲ್ಲವನಾದರೆ, ಆ ವಿನ್ಯಾಸ ಗೆದ್ದಂತೆ.